ಹಲಗೆ ಇಳಿಸಿದ ತಾರೀಖು

ಅಳತೆ ಪುಸ್ತಕದ ನಲವತ್ತೆರಡನೇ ಪುಟ.
ಕಿಂಡಿ ಹದಿನಾರು, ಹಲಗೆ ತೊಂಬತ್ತಾರು,
ನಡುವೆ ತುಂಬಿದ ಜೇಡಿಮಣ್ಣು ಇಷ್ಟು ಘನಮೀಟರು.
ಎಲ್ಲ ಬರೆದಿದ್ದೇನೆ.
ತಾರೀಖಿನ ಕಾಲಂ ಮಾತ್ರ ಖಾಲಿ.

ನಾನು ಸಿಂಧನೂರಿನವಳು.
ನಮ್ಮಲ್ಲಿ ನೀರೆಂದರೆ ಕಾಲುವೆಗೆ ಬಂತು, ಇಲ್ಲವೇ ಬರಲಿಲ್ಲ.
ಬಂದ ನೀರಿನಲ್ಲೂ ಎರಡು ಜಾತಿ ಇದೆಯೆಂದು
ಸೀತಾನದಿಯ ದಂಡೆಗೆ ವರ್ಗವಾಗುವತನಕ ತಿಳಿದಿರಲಿಲ್ಲ.
ಬಚ್ಚ ಮರಕಾಲರು ಮೊದಲ ದಿನವೇ
ಬೊಗಸೆಯಲ್ಲಿ ಹೊಳೆ ಮೊಗೆದು ಹಿಡಿದರು.
"ಕುಡ್ದ್ ಕಾಣಿ ಅಮ್ಮ, ಎಂತದೂ ಆತಿಲ್ಲೆ."
ಕುಡಿದೆ. ಸಿಹಿ.
"ಇನ್ನ್ ಹುಣ್ಮಿ ಭರ್ತಕ್ಕೆ ಕುಡೀರಿ, ಗೊತ್ತಾತ್ತ್."

ಸುತ್ತೋಲೆ ಬಂದಿತ್ತು, ರಾಜ್ಯಕ್ಕೆಲ್ಲ ಒಂದೇ:
ಟೆಂಡರಾಗದೆ ಹಲಗೆ ಮುಟ್ಟತಕ್ಕದ್ದಲ್ಲ.
ಬರೆದವರು ಕೆಟ್ಟವರೇನಲ್ಲ.
ಹಿಂದೊಮ್ಮೆ ಎಲ್ಲೋ
ಹಲಗೆ ಇಳಿಯದೆಯೇ ಬಿಲ್ಲು ಇಳಿದಿತ್ತಂತೆ,
ಅದಕ್ಕೇ ಈ ಬಿಗಿ.
ವಿಧಾನಸೌಧದ ಮೂರನೇ ಮಹಡಿಗೆ
ಭರ್ತ ಏರುವುದಿಲ್ಲ, ಅಷ್ಟೆ.

ಟೆಂಡರು ಒಂದೇ ಬಂತು.
ಒಂದೇ ಬಂದರೆ ತೆರೆಯುವಂತಿಲ್ಲ. ಮತ್ತೆ ಕರೆಯಬೇಕು.
ಮೇಲಿನವರಿಗೆ ಬರೆದೆ, ಉಪ್ಪಿನ ಬಗ್ಗೆ ಎರಡು ಪುಟ.
ಪತ್ರ ಉಡುಪಿ ದಾಟಿ ಘಾಟಿ ಹತ್ತಿತು.
ಪರಿಶೀಲನೆಯಲ್ಲಿದೆ, ಅಂದರು.

ಕಾರ್ತಿಕದ ಹುಣ್ಣಿಮೆಗೆ ಮೂರು ದಿನ ಇರುವಾಗ
ರಾತ್ರಿ ವನಜ ಶೆಡ್ತಿಯ ಫೋನು:
"ಹಲ್ಗಿ ಇಳ್ಸೂದೇ ಸೈ.
ನೀವ್ ಬಪ್ಪುದ್ ಬ್ಯಾಡ, ಕಂಡ್ರೆ ನಿಮ್ಗೇ ತೊಂದ್ರಿ."

ಹೋದೆ.
ಜೀಪು ರಸ್ತೆಯಲ್ಲೇ ಬಿಟ್ಟು, ಗದ್ದೆಯಂಚು ಹಿಡಿದು.
ಇಳಿತದ ಹೊಳೆ, ಎದೆಮಟ್ಟ ನೀರಲ್ಲಿ ಹನ್ನೊಂದು ಜನ,
ದಂಡೆಯಲ್ಲಿ ಮೊಬೈಲು ಹಿಡಿದ ಮಕ್ಕಳು.
ಇಲಾಖೆಯ ಶೆಡ್ಡಿನ ತೂತುಬಿದ್ದ ಹಲಗೆ,
ದೋಣಿಗೆ ಬಳಿಯುವ ಡಾಂಬರು,
ಸಾಲದ್ದಕ್ಕೆ ಶೆಡ್ತಿಯ ಮನೆಯ ಹಟ್ಟಿ ಬಾಗಿಲು.
ನಾನು ಕೂತು ಎಣಿಸಿದೆ,
ನನಗೆ ಬರುತ್ತಿದ್ದದ್ದು ಅದೊಂದೇ.
ಕೊನೆಯ ಕಿಂಡಿ ಮುಚ್ಚಿದಾಗ
ಸದ್ದು ನಿಂತಿತು. ಹೊಳೆ ಎರಡಾಯಿತು.

ಈಗ ಉದ್ದು ಹೂ ಬಿಟ್ಟಿದೆ.
ಸುಗ್ಗಿ ಗದ್ದೆಯ ನೇಜಿ ತೆಂಡೆಯೊಡೆದಿದೆ.
ನಿನ್ನೆ, ಜನವರಿ ಒಂಬತ್ತಕ್ಕೆ, ಮಂಜೂರಾತಿ ಬಂತು.
ಗುತ್ತಿಗೆದಾರರು ಚಹಾ ತರಿಸಿದರು:
"ಹೇಗೂ ಇಳಿದೇ ಇದೆಯಲ್ಲ ಮೇಡಂ, ಹತ್ತು ಅಂತ ಹಾಕಿಬಿಡಿ."

ಹಾಕಬಹುದು.
ಆದರೆ ಮುಂದಿನ ಸುತ್ತೋಲೆ ಬರೆಯುವವರು
ಹೊಳೆಯ ನೀರು ಕುಡಿದು ನೋಡುವುದಿಲ್ಲ,
ಈ ಪುಟ ನೋಡುತ್ತಾರೆ:
ಸೀತಾನದಿಗೆ ಉಪ್ಪು ಏರುವುದು
ಜನವರಿ ಹತ್ತರ ಮೇಲೆ, ದಾಖಲೆ ಇದೆ.
ನಿಜ ಬರೆದರೆ
ಹನ್ನೊಂದು ಹೆಸರಿಗೆ ಹನ್ನೊಂದು ನೋಟೀಸು.

ಚಹಾ ಆರಿತು.
ನವೆಂಬರ್ ಇಪ್ಪತ್ತನಾಲ್ಕು, ಬರೆದೆ.
ಇಳಿಸಿದವರು: ಊರವರು.
ಸಮಕ್ಷಮ: ನಾನು. ಸಹಿ ಹಾಕಿದೆ.
ಷರಾ ಕಾಲಂ ಉಳಿದಿತ್ತು, ಅಲ್ಲಿ ಸಣ್ಣಗೆ
ಹಟ್ಟಿ ಬಾಗಿಲು ಒಂದು,
ಮಳೆಗಾಲದ ಒಳಗೆ ಹಿಂದಿರುಗಿಸತಕ್ಕದ್ದು.