ಡಬ್ಬಿಯ ಮೇಲೆ ಬರೆದದ್ದು

ಹೆಬ್ಬೆರಳಲ್ಲಿ ಎಣ್ಣೆ ತಿಕ್ಕಿ, ಮೂಸಿ,
ಹೊಸಂಗಡಿಯ ಅದ್ರಾಮಾಕ ಎಂದರು: ಬೇಡ ಮಾರಾಯ್ರೆ.
ಮೂವತ್ತೆಂಟು ವರ್ಷದ ಪದ್ಮಿನಿ ಇದು.
ಒಳಗೆ ಸೀಲ್ ಎಲ್ಲಿ ಮುಗಿಯುತ್ತದೆ,
ಕೊಳೆ ಎಲ್ಲಿ ಶುರು, ನನಗೇ ಗೊತ್ತಿಲ್ಲ.

ಕ್ಲೀನರ್ ಡಬ್ಬಿಯ ಮೇಲೆ ಬರೆದಿತ್ತು:
ಸುರಿಯಿರಿ, ಹದಿನೈದು ನಿಮಿಷ ಐಡಲ್ ಬಿಡಿ.
ಬಿಟ್ಟೆ.
ಹಳೆಯ ಎಣ್ಣೆ ಕರಿ ಕಷಾಯವಾಗಿ ಇಳಿಯಿತು.
ಹೊಸ ಎಣ್ಣೆಗೆ ಎಂಜಿನ್
ಹೊಲಿಗೆ ಮೆಷಿನಿನ ಹಾಗೆ
ತಲಪಾಡಿ ಗೇಟಿನವರೆಗೂ ಗುನುಗಿತು.

ಮರುದಿನ ಅಂಗಳದಲ್ಲಿ
ನೀರುದೋಸೆಯಷ್ಟು ಅಗಲ, ಕಪ್ಪಲ್ಲ,
ಜೇನಿನ ಬಣ್ಣದ ಕಲೆ.

ಅವರು ಬೈಯಲಿಲ್ಲ.
ರಟ್ಟು ಹಾಸಿ, ಅಂಗಾತ ಮಲಗಿ,
ಟಾರ್ಚು ಹಿಡಿದು ಬಹಳ ಹೊತ್ತು ನೋಡಿ
"ಪಾಪ, ಹಿಡಿದುಕೊಂಡಿತ್ತು" ಎಂದರು.
ಯಾವುದು ಎಂದು ನಾನು ಕೇಳಲಿಲ್ಲ.

ಈಗ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿ
ಕಾಯುತ್ತೇನೆ,
ಸ್ವಲ್ಪ ಕೊಳೆ ಮತ್ತೆ ಕೂರಲಿ ಎಂದು.
ರಟ್ಟು ಅಲ್ಲೇ ಇದೆ.