ಮೂವತ್ತೊಂದನೆಯ ಚೌಕ

ಕೆಳಗೆ, ನದಿಯ ಬಿಸಿಯುಸಿರು ತಾಗುವ ಕಾಡಿನಲ್ಲಿ
ಹಾವಸೆಗೆ ಅಷ್ಟೇನೂ ಬರಕತ್ತಿಲ್ಲ.
ಎಲೆಯ ಬೆನ್ನ ಮೇಲೊಂದು ಚುಕ್ಕೆ,
ಬಿದ್ದ ದಿಮ್ಮಿಯ ಮಗ್ಗುಲಿಗೊಂದು ತೇಪೆ.
ಹಗಲು ಗಳಿಸಿದ್ದನ್ನೆಲ್ಲ ಇರುಳ ಸೆಖೆಯಲ್ಲಿ
ಉಸಿರಾಡಿಯೇ ಖರ್ಚು ಮಾಡಿಕೊಂಡ ಸಂಸಾರ.

ಹಾಗಂದವರು ಡಾಕ್ಟರ್ ಮಿರೇಯಾ.
ಮದ್ದು ಕೊಡುವ ಡಾಕ್ಟರಲ್ಲ,
ಭೂತಗನ್ನಡಿಯನ್ನು ಕಣ್ಣಿಗೊತ್ತಿ
ಮರಕ್ಕೆ ಮೂಗು ತಾಗಿಸಿ ನಿಲ್ಲುವವರು.
ನಾನು ಒತಿಲಿಯಾ ಹೊಹೋವಾ, ಅವರ ತಂತಿಚೌಕ ಹೊರುವವಳು.
ಗೇಣುದ್ದ, ಗೇಣಗಲ. ಕಾಂಡಕ್ಕೆ ಒತ್ತಿ ಹಿಡಿದರೆ
ಒಳಗೆ ಬಿದ್ದದ್ದು ಲೆಕ್ಕಕ್ಕೆ,
ಮಿಕ್ಕಿದ್ದು ಕಾಡಿನ ಪಾಲಿಗೆ.

ಬೆಟ್ಟ ಏರಿದಂತೆ ಲೆಕ್ಕವೂ ಏರುತ್ತದೆ.
ಐನೂರು ಮೀಟರಿನಲ್ಲಿ ನಾಲ್ಕು ಬಗೆ,
ಸಾವಿರದೈನೂರರಲ್ಲಿ ಹನ್ನೊಂದು,
ಎರಡು ಸಾವಿರ ದಾಟಿ, ಮೋಡ ಮರದೊಳಗೆ ಕಾಲಿಟ್ಟಲ್ಲಿಂದ
ಹೆಸರು ಸಾಲದೆ ಅವರು ನಂಬರು ಕೊಡುತ್ತಾರೆ.
ನನ್ನ ಬಳಿ ನನ್ನವೇ ಹೆಸರುಗಳಿವೆ:
ನರಿಬಾಲ, ಅಜ್ಜಿಯ ಉಣ್ಣೆ, ಒದ್ದೆ ನಾಯಿ, ಪಾದ್ರಿಯ ಹುಬ್ಬು.
ಒಂದು ಬಗೆ ಕೊಂಬೆಯ ಮೇಲ್ಮೈಯಲ್ಲೇ,
ಅದರ ದಾಯಾದಿ ಕೊಂಬೆಯಡಿಯಲ್ಲೇ,
ನಡುವೆ ಬೆರಳಗಲ ತೊಗಟೆ.
ಯಾವ ತಲೆಮಾರಿನ ಜಗಳವೋ.

ಒಂದನ್ನು ತೋರಿಸಿ ಅಂದರು:
ಇದೇ ಆಫ್ರಿಕಾದ ಬೆಟ್ಟದಲ್ಲೂ ಇದೆ, ಒತಿಲಿಯಾ.
ಕಡಲಾಚೆಯೇ?
ಹೌದು. ಬೀಜಕ ಧೂಳಿಗಿಂತ ಹಗುರ, ಗಾಳಿ ಒಯ್ಯುತ್ತದೆ.
ನನಗೆ ನಗು ಬಂತು. ಬೇರಿಲ್ಲದ್ದು ಎಲ್ಲೆಲ್ಲ ತಿರುಗಿದೆ,
ಎರಡು ಕಾಲಿದ್ದೂ ನಾನು ಬೊಗೋತಾ ನೋಡಿಲ್ಲ.

ಮೂವತ್ತರ ತನಕ ಎಲ್ಲ ಸರಿಯಿತ್ತು.
ಮೂವತ್ತೊಂದನೆಯದು, ನೂಲು ಹಿಡಿದು ಅಳೆದಾಗ,
ಬಂದು ಕೂತದ್ದು ಆ ಬಂಡೆಯ ಮೇಲೆ.

ನನಗೆ ಆಗ ಒಂಬತ್ತು. ಡಿಸೆಂಬರು.
ಮನೆಮನೆಯಲ್ಲೂ ಗೋದಲಿ ಕಟ್ಟುವ ಕಾಲ.
ಮಣ್ಣಿನ ಕುರಿ, ಮಣ್ಣಿನ ಮರಿಯಮ್ಮ, ಕನ್ನಡಿಚೂರಿನ ಕೆರೆ,
ಅವಕ್ಕೆಲ್ಲ ಅಡಿಗೆ ಹಾಸಲು ಹಸಿರು ಬೇಕು.
ಕತ್ತಿ ಹೇಗೆ ಜಾರಿಸಬೇಕೆಂದು ಅಪ್ಪ ತೋರಿಸಿದ್ದ:
ತೊಗಲು ಸುಲಿದ ಹಾಗೆ, ಹರಿಯಬಾರದು,
ಇಡಿಯಾಗಿ ಬಂದರೆ ಮೂಟೆಗೆ ಎರಡು ಪೇಸೋ ಹೆಚ್ಚು.
ಒಂದೇ ಎಳೆತಕ್ಕೆ ಈ ಬಂಡೆಯಿಂದ
ಮೇಜುಬಟ್ಟೆಯಗಲ ಎತ್ತಿದ್ದೆ.
ಅಡಿಯಲ್ಲಿ ಎಂದೂ ಬೆಳಕು ಕಾಣದ ಹುಳುಗಳು
ಕಕ್ಕಾಬಿಕ್ಕಿಯಾಗಿ ಓಡಿದ್ದವು.
ಶಹಬ್ಬಾಸ್, ಅಂದಿದ್ದ ಅಪ್ಪ.
ಆ ಮಾತು ಮತ್ತೆಂದೂ ಅವನ ಬಾಯಿಂದ ಬರಲಿಲ್ಲ.

ಜನವರಿ ಏಳಕ್ಕೆ, ಪಾಸ್ತೋದ ಬೀದಿಯಲ್ಲಿ,
ಅದೇ ಹಾಸು ಹಳದಿಯಾಗಿ
ಕೋಳಿಪುಕ್ಕದ ಜೊತೆ ಕಸದಲ್ಲಿತ್ತು.

ನಲವತ್ತೆರಡು ವರ್ಷ.
ಅಂಚಿನಿಂದ ಅದು ಮರಳಿ ಬರುತ್ತಿದೆ,
ಮೊಣಕೈಯೂರಿ ತೆವಳುವ ಕೂಸಿನ ಹಾಗೆ.
ನಡುವೆ ಮಾತ್ರ ಇನ್ನೂ ಬೋಳು,
ನನ್ನ ಕತ್ತಿ ಹೊರಳಿದ ಮೂಲೆ ಸಹಿತ.

ಡಾಕ್ಟರು ಬಗ್ಗಿದರು. ಬಹಳ ಹೊತ್ತು ನೋಡಿದರು.
ಸೊನ್ನೆ, ಅಂದರು. ಕಾರಣ ತಿಳಿಯದು,
ಮಣ್ಣು ಕುಸಿದಿರಬೇಕು, ಹಾಗೆಂದೇ ಬರೆ.
ಪೆನ್ಸಿಲು ನನ್ನ ಕೈಯಲ್ಲಿತ್ತು.
ಕಾಗದದ ಮೇಲೆ ಮೋಡ ಕೂತು ಮೆತ್ತಗಾಗಿತ್ತು.
ಕಾರಣದ ಮನೆಯಲ್ಲಿ ಬರೆದೆ:
ಒತಿಲಿಯಾ, ವಯಸ್ಸು ಒಂಬತ್ತು.

ಅವರು ಓದಿದರು.
ಕೊರಳಿಗೆ ತೂಗಿದ್ದ ಭೂತಗನ್ನಡಿಯನ್ನು
ಅಂಗಿಯ ತುದಿಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ.
ಆಮೇಲೆ,
ಮೂವತ್ತೆರಡಕ್ಕೆ ನೂಲು ಹಿಡಿ, ಅಂದರು.