ಮೊಯ್ನೋಕನಿಗೆ ಗುಳಿಗೆ

ಬಾ ಮೊಯ್ನೋಕ್, ಬಾಯಿ ತೆಗಿ.
ಕುರಿಬಾಲದ ಕೊಬ್ಬಿನೊಳಗೆ ಹುದುಗಿಸಿ ತಂದಿದ್ದೇನೆ
ಕಹಿ ನಿನಗೆ ತಿಳಿಯದ ಹಾಗೆ.
ಹೋದ ತಿಂಗಳು ಕೊಬ್ಬು ನುಂಗಿ ಗುಳಿಗೆ ಉಗಿದೆ,
ನಾನು ಬೆನ್ನು ತಿರುಗಿಸುವ ತನಕ ಕಾದು.
ಕಳ್ಳ.

ಈ ಅಲಾಯ್ ಕಣಿವೆಯಲ್ಲಿ ನನ್ನ ಪಾಲಿಗೆ ಬಂದದ್ದು
ನಲವತ್ತೊಂದು ಮನೆ, ಅರವತ್ತಮೂರು ನಾಯಿ.
ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ದೊಣ್ಣೆ.
ಕೆಲವರು ಚಹಾ ಕೊಡುತ್ತಾರೆ. ಕೆಲವರು
"ನಾಯಿಡಾಕ್ಟರಮ್ಮ ಬಂದಳು" ಎಂದು ನಗುತ್ತಾರೆ.
ನಿನ್ನ ಯಜಮಾನ, ಸಾಟಿಬಾಲ್ದಿ ಮುದುಕ, ನಗುವುದಿಲ್ಲ:
"ನನ್ನ ನಾಯಿಗೇನಾಗಿದೆ? ತೋಳ ಓಡಿಸುತ್ತದೆ,
ಮೂಳೆ ಕಡಿಯುತ್ತದೆ. ರೋಮ ನೋಡು, ರೇಷ್ಮೆ."

ನಿಜ. ನಿನಗೇನೂ ಆಗಿಲ್ಲ.
ಅದೇ ಕಷ್ಟ.

ಲಾಡಿಹುಳು ಎಂದರೆ ಅವನು ಎರಡೂ ಕೈ ಅಗಲಿಸಿ
ಷರಾಯಿಯ ಲಾಡಿಯುದ್ದ ಅಳೆದು ತೋರಿಸುತ್ತಾನೆ.
"ಇಷ್ಟುದ್ದದ್ದು ಹೊರಬಿದ್ದರೆ ನನಗೆ ಕಾಣದೇ?"
ಇದು ಅದಲ್ಲ ಅಜ್ಜ. ಇದು ಅಕ್ಕಿಯ ನುಚ್ಚು.
ಸಾವಿರಗಟ್ಟಲೆ ಕೂತು, ಕರುಳಿನ ಗೋಡೆಗೆ ತುಟಿಯಿಟ್ಟು
ತಮ್ಮಷ್ಟಕ್ಕೆ ಕುಡಿಯುತ್ತವೆ.
ಉಂಡ ಮನೆಗೆ ಎರಡು ಬಗೆಯುವುದಿಲ್ಲ;
ಬಗೆಯುವುದು ಪಕ್ಕದ ಮನೆಗೆ.

ಹಿಮ ಕರಗಿದ ವಾರ ನಿನ್ನನ್ನು ಕಂಡಿದ್ದೇನೆ:
ಒದ್ದೆ ಹುಲ್ಲಿಗೆ ಕಿವಿಗೊಟ್ಟು, ನಾಲ್ಕೂ ಕಾಲು ಒಟ್ಟಿಗೆ ಎತ್ತಿ
ನೆಗೆದು, ಇಲಿಯೊಂದನ್ನು ಅಗಿಯದೆ ನುಂಗಿದೆ,
ಥೇಟ್ ನರಿಯ ಹಾಗೆ. ನರಿಯೂ ಅಲ್ಲೇ ಇತ್ತು,
ಹೊಳೆಯಾಚೆ, ತನ್ನ ಇಲಿ ತಾನು ನುಂಗುತ್ತ.
ಇಲಿಯ ಲಿವರಿನಿಂದ ನರಿಯ ಕರುಳಿಗೆ,
ನರಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿಂದ ಮತ್ತೆ ಇಲಿಗೆ,
ಗುಡ್ಡ ಹುಟ್ಟಿದಂದಿನಿಂದ ತಿರುಗುತ್ತಿರುವ ಗಾಣ.
ಯಾರದೂ ತಪ್ಪಿಲ್ಲ. ನಾವು ಮಾತ್ರ
ಆ ಗಾಣದ ಪಕ್ಕ ಕಂಬಳಿ ಹಾಸಿ ಮಲಗಿದವರು.

ನನ್ನ ತಂಗಿ ಕಾಲ್‌ಬೂಬೂ
ನಿನ್ನ ಅಜ್ಜಿಯ ಕೊರಳಿಗೆ ಮುಖ ಒತ್ತಿ ಬೆಳೆದಳು.
ಚಳಿಗೆ ಅವಳ ಬೆರಳು ಆ ರೋಮದೊಳಗೆ,
ಆಮೇಲೆ ಅದೇ ಬೆರಳು ರೊಟ್ಟಿಗೆ.
ಹನ್ನೆರಡು ವರ್ಷ ಏನೂ ಇಲ್ಲ. ಹನ್ನೆರಡು ವರ್ಷ!
ಮದುವೆಯಾದಳು, ಕುದುರೆಯ ಹಾಲು ಕರೆದಳು,
ಒಂದು ಬೇಸಿಗೆ ಕಣ್ಣು ಅರಿಶಿನ.
ಓಶ್ ಪಟ್ಟಣದ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು
"ಹುಳು" ಅಂದಾಗ ನಕ್ಕುಬಿಟ್ಟಳು:
"ನಾನೇನು ಸೇಬೇ?"

ಆತ ಹೇಳಿದ್ದೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ.
ಮನುಷ್ಯರೊಳಗೆ ಹೊಕ್ಕದ್ದು ದಾರಿ ತಪ್ಪಿದ ಹುಳುವಂತೆ.
ನಮ್ಮನ್ನು ಇಲಿ ಅಂದುಕೊಂಡಿದೆ.
ಕತ್ತಲಲ್ಲಿ ಗೂಡಿನ ಪಕ್ಕ ಗೂಡು ಕಟ್ಟುತ್ತ
ನರಿಯೊಂದು ಬಂದು ತಿಂದೀತೆಂದು ಕಾಯುತ್ತದಂತೆ,
ಬಾರದ ನರಿಗೆ, ವರ್ಷಗಟ್ಟಲೆ.
ಅರ್ಧ ಲಿವರ್ ಕೊಯ್ದು ತೆಗೆದರು. ಉಳಿದರ್ಧದಲ್ಲಿ
ಅದು ಕಾಯುವುದನ್ನು ಬಿಡಲಿಲ್ಲ.

ಮಾರ್ಚಿನಲ್ಲಿ ಮಣ್ಣು ಮಾಡಿದರು. ನೆಲವೆಲ್ಲ ಕಬ್ಬಿಣ.
ಹೆಂಗಸರು ಗೋರಿಯವರೆಗೆ ಹೋಗುವಂತಿಲ್ಲ; ಮನೆಯಿಂದಲೇ
ಮೂರು ಸಲ ಹೇಳಿ ಕಳಿಸಿದೆ: ಇನ್ನೂ ಆಳ, ಇನ್ನೂ ಆಳ.
ಗಂಡಸರಿಗೆ ಅರ್ಥವಾಗಲಿಲ್ಲ, ತೋಡಿದರು.
ಮರುದಿನ ಒಬ್ಬಳೇ ಹೋದೆ. ಹೊಸ ಹಿಮದ ಮೇಲೆ
ನೂಲು ಹಿಡಿದಂತೆ ಒಂದೇ ಸಾಲಿನ ಪುಟ್ಟ ಹೆಜ್ಜೆ.
ಬಂದಿತ್ತು. ನಿಂತಿತ್ತು. ಹೋಗಿತ್ತು.
ಯಾರಿಗೂ ಹೇಳಿಲ್ಲ; ನಿನಗೆ ಹೇಳುತ್ತಿದ್ದೇನೆ,
ನೀನು ಅದರ ನೆಂಟ.

ಹ್ಞಾಂ, ನುಂಗು. ಗಂಟಲು ಸವರುತ್ತೇನೆ. ಇನ್ನೊಮ್ಮೆ.
ನಾಲಿಗೆ ತೋರಿಸು.
ಅಜ್ಜ, ಮೂರು ದಿನ ಇವನನ್ನು ಬಿಚ್ಚಬೇಡ,
ಹಾಕಿದ್ದನ್ನೆಲ್ಲ ಗುಂಡಿ ತೋಡಿ ಹೂಳು.
ಜಿಬೆಕ್, ಎಲ್ಲಿ ಓಡಿ ಬರುತ್ತೀಯೆ, ಮೊದಲು ಕೈ ತೊಳಿ!
ಬಿಸಿನೀರು, ಸೋಪು, ಉಗುರಿನ ಸಂದಿ.

ನಾನೂ ತೊಳೆಯಬೇಕು. ಕೊರಳಿಗೆ ಮುಖ ಒತ್ತುವ ಆಸೆ
ನನಗೂ ಇಲ್ಲವೆಂದಲ್ಲ.
ಪಟ್ಟಿಯಲ್ಲಿ ನಿನ್ನ ಹೆಸರಿಗೊಂದು ಗೀಟು ಎಳೆದೆ:
ಇನ್ನು ನಾಲ್ಕು ವಾರ
ನೀನು ಬರೀ ನಾಯಿ.